ಎಸ್‌ಎಂಎಸ್‌ನಲ್ಲಿ ಜಾಂಬಿ ಆಟ ಶುರು ಮಾಡೋ ಮುಂಚೆ

ಚಿತ್ರದುರ್ಗದ ಗೆಳೆಯರೇ, ನಾವು ಐದು ಜನ ರಾತ್ರಿ ಊಟ ಆದ್ಮೇಲೆ ಎಸ್‌ಎಂಎಸ್‌ನಲ್ಲೇ ಜಾಂಬಿ ಆಟ, ಅಂದ್ರೆ ಎದ್ದು ಬಂದು ಕಚ್ಚೋ ಹೆಣಗಳ ಕಥೆಯಾಟ ಆಡ್ತೀವಿ. ಒಬ್ಬರು ಕಥೆ ನಡೆಸೋದು, ಉಳಿದವರು ಜೀವ ಉಳಿಸ್ಕೊಳ್ಳೋದು. ಕೆಲವರು ಹೇಗೆ ಆಡೋದು ಅಂತ ಕೇಳಿದ್ರಲ್ಲ, ಅದಕ್ಕೆ ಬರೀತಿದ್ದೀನಿ.

ಮೊದಲು ಅಕ್ಷರದ ಲೆಕ್ಕ. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡಕ್ಕೆ ಬರೀ 70. ಅದರಲ್ಲೂ ಗುಣಿತ, ಒತ್ತು ಎಲ್ಲಾ ಬೇರೆ ಬೇರೆ ಎಣಿಕೆ. ‘ದುರ್ಗ’ ನಮ್ಮ ಕಣ್ಣಿಗೆ ಎರಡಕ್ಷರ, ಫೋನಿಗೆ ಐದು! 70 ದಾಟಿದ್ರೆ ಎರಡು ಮೆಸೇಜಿನ ಲೆಕ್ಕ, ನಾಲ್ಕು ಜನಕ್ಕೆ ಕಳಿಸಿದ್ರೆ ಎಂಟು. ನನ್ನ ಪ್ಯಾಕಿನಲ್ಲಿ ದಿನಕ್ಕೆ 100 ಮಾತ್ರ. ಮೊದಲ ರಾತ್ರಿ ಕತ್ತಲು, ಗಾಳಿ, ನಾಯಿ ಊಳಿಡೋದು ಅಂತ ವರ್ಣಿಸಿ ವರ್ಣಿಸಿ ಹತ್ತೂವರೆಗೇ ಖಾಲಿ. ಜಾಂಬಿಗಳು ಬಾಗಿಲಲ್ಲೇ ನಿಂತಿದ್ವು, ಪಾಪ. ಈಗ ‘ಬಾಗಿಲು ಮುರೀತು. ಏನ್ಮಾಡ್ತೀಯ?’ ಅಷ್ಟೇ.

ಕಥೆ ನಡೆಯೋ ಜಾಗಕ್ಕೆ ಅಮೆರಿಕ ಯಾಕೆ, ಏಳು ಸುತ್ತಿನ ಕೋಟೆ ಇಲ್ಲೇ ಇದೆಯಲ್ಲ. ಓಬವ್ವನ ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬರೇ ತೂರಬೇಕು, ಒನಕೆ ಹಿಡಿದು ಒಬ್ರು ನಿಂತ್ರೂ ತಡೀಬಹುದು. ನೀರಿಗೆ ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ. ಆದ್ರೆ ಅನ್ನ? ಅದಕ್ಕೆ ಪೇಟೆಗೆ ಇಳೀಲೇಬೇಕು. ಆಟದ ಮಜಾ ಇರೋದೇ ಅಲ್ಲಿ, ಕಥೆ ನಡೆಸೋರು ಆ ದಾರೀನ ಸಲೀಸು ಮಾಡ್ಬೇಡಿ.

ಹೊಡೆದಾಟದಲ್ಲಿ ಏನಾಯ್ತು ಅಂತ ತೀರ್ಮಾನಿಸೋಕೆ ದಾಳ ಇಲ್ದಿದ್ರೆ ಚೌಕಾಬಾರದ ನಾಲ್ಕು ಕವಡೆ ಸಾಕು. ಮೂರು ಅಂಗಾತ ಬಿದ್ರೆ ಜಾಂಬಿಗೆ ಏಟು ತಗುಲಿತು, ಒಂದೂ ಅಂಗಾತ ಬೀಳದಿದ್ರೆ ಜಾಂಬಿ ಕಚ್ತು. ಯಾರ ಹತ್ರ ಎಷ್ಟು ಅಕ್ಕಿ, ಎಷ್ಟು ಬೆಂಕಿಕಡ್ಡಿ ಅನ್ನೋದನ್ನ ಮಾತ್ರ ಪುಸ್ತಕದಲ್ಲೇ ಬರ್ಕೊಳ್ಳಿ. ನಮ್ಮಲ್ಲಿ ಅದಕ್ಕೇ ಜಗಳ ಆಗಿದ್ದು.