ಹುಬ್ಬಳ್ಳಿ ವಿಮಾನಕ್ಕೆ ಎಷ್ಟು ಸಿಬ್ಬಂದಿ, ಎಷ್ಟು ಇಂಧನ: ನೀವೇ ಲೆಕ್ಕ ಹಾಕಿ ನೋಡಿ

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಕೆಳಗಡೆ ಬಾಡಿಗೆಗೆ ಇರುವವರು ಪರೀಕ್ಷೆಗೆ ಓದುವ ಹುಡುಗರು. ಅವರಲ್ಲಿ ಗದಗ ಕಡೆಯವನೊಬ್ಬ ಮೊದಲ ಸಲ ವಿಮಾನ ಹತ್ತಿ ಬಂದವನೇ ಕೇಳಿದ: "ಕಾಕಾ, ಅಷ್ಟು ಮಂದಿಗೆ ಇಬ್ಬರ ಹುಡುಗ್ಯಾರು ಇದ್ರಲ್ರಿ, ಸಾಕಾಗ್ತದೇನ್ರಿ? ಎಣ್ಣಿ ಎಷ್ಟು ಹಾಕ್ತಾರ್ರಿ?" ನಾನು ಬೆಂಗಳೂರಿನಲ್ಲಿ ಡಿಸ್ಪ್ಯಾಚರ್ ಆಗಿದ್ದವನು. ಅಂದರೆ ಹವಾಮಾನ, ದಾರಿ, ಇಂಧನ ಎಲ್ಲ ನೋಡಿ ನೆಲದ ಮೇಲೆ ಪ್ಲ್ಯಾನ್ ಮಾಡಿಕೊಡುವ ಕೆಲಸ. ಅವನಿಗೆ ಹಾಳೆ ಮೇಲೆ ಬರೆದು ತೋರಿಸಿದ್ದನ್ನೇ ಇಲ್ಲಿ ಹೇಳುತ್ತೇನೆ. ಕೂಡುವುದು, ಕಳೆಯುವುದು ಬಂದರೆ ಸಾಕು.

ಮೊದಲು ಸಿಬ್ಬಂದಿ. ಇದು ಸುಲಭ. ವಿಮಾನದಲ್ಲಿ ಎಷ್ಟು ಜನ ಕೂತಿದ್ದಾರೆ ಅಂತ ಎಣಿಸಬೇಡಿ. ಎಷ್ಟು ಸೀಟು ಇದೆ ಅಂತ ಎಣಿಸಿ. ನಮ್ಮ ದೇಶದ ನಿಯಮದಲ್ಲಿ 10ರಿಂದ 50 ಸೀಟಿನವರೆಗೆ ಒಬ್ಬ ಕ್ಯಾಬಿನ್ ಕ್ರೂ, ಅಂದರೆ ಪ್ರಯಾಣಿಕರ ಜೊತೆ ಒಳಗಿರುವ ಸಿಬ್ಬಂದಿ, ಬೇಕು. 51ರಿಂದ 99ರವರೆಗೆ ಇಬ್ಬರು. 99 ದಾಟಿದರೆ ಮುಂದಿನ ಪ್ರತಿ 50 ಸೀಟಿಗೆ ಇನ್ನೊಬ್ಬರು. ಕೊನೆಗೆ ಉಳಿಯುವ ಚಿಲ್ಲರೆ ಸೀಟುಗಳಿಗೂ ಪೂರ್ತಿ ಒಬ್ಬರು.

2019ರಲ್ಲಿ ಸ್ಟಾರ್ ಏರ್‌ನವರು ಹುಬ್ಬಳ್ಳಿ–ಬೆಂಗಳೂರು ಶುರು ಮಾಡಿದ್ದು 50 ಸೀಟಿನ ಎಂಬ್ರೇಯರ್ 145 ವಿಮಾನದಲ್ಲಿ. ಅದಕ್ಕೆ ಒಬ್ಬರು ಸಾಕು. ಪಂಖ ತಿರುಗುವ ಎಟಿಆರ್ 72ರಲ್ಲಿ 78 ಸೀಟು ಇದ್ದರೆ ಇಬ್ಬರು. ನಮ್ಮ ಹುಡುಗ ಬಂದಿದ್ದು ಇದರಲ್ಲೇ. ಏರ್‌ಬಸ್ 320ರಲ್ಲಿ 186 ಸೀಟು ಅಂದುಕೊಳ್ಳಿ. 186ರಲ್ಲಿ 99 ಕಳೆದರೆ 87. ಒಂದು ಐವತ್ತು, ಮೇಲೆ ಚಿಲ್ಲರೆ. ಹಾಗಾಗಿ 2 ಮತ್ತು 2, ಒಟ್ಟು ನಾಲ್ವರು. ಎಟಿಆರ್‌ನಲ್ಲಿ ಅವತ್ತು ಇಪ್ಪತ್ತೇ ಜನ ಹತ್ತಿದ್ದರೂ ಇಬ್ಬರು ಇರಲೇಬೇಕು. ಒಬ್ಬರಿಗೆ ಜ್ವರ ಬಂದರೆ, "ಜನ ಕಡಿಮೆ ಇದ್ದಾರಲ್ಲ, ಒಬ್ಬರೇ ನಿಭಾಯಿಸಲಿ" ಅನ್ನುವ ಹಾಗಿಲ್ಲ. ಬದಲಿ ಸಿಬ್ಬಂದಿ ಕುಳಿತಿರುವುದು ದೊಡ್ಡ ನಿಲ್ದಾಣಗಳಲ್ಲಿ. ಸಣ್ಣ ಊರಲ್ಲಿ ಕಾಯಬೇಕಾಗುತ್ತದೆ. ಆಗ ಕೌಂಟರ್ ಮುಂದೆ ನಿಂತು ಜಗಳ ತೆಗೆಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಕೌಂಟರಿನ ಹುಡುಗಿ ಏನು ಮಾಡಲಿಕ್ಕಾಗುತ್ತದೆ ಹೇಳಿ?

ಇವರು ಇರುವುದು ಚಹಾ ಕೊಡಲಿಕ್ಕಲ್ಲ, ಬಾಗಿಲಿಗಾಗಿ. ಹೊಸ ಮಾದರಿಯ ವಿಮಾನ ಬಂದಾಗ, ತುಂಬಿದ ವಿಮಾನದಿಂದ ಅರ್ಧ ಬಾಗಿಲುಗಳಲ್ಲೇ ಎಲ್ಲರೂ 90 ಸೆಕೆಂಡಿನಲ್ಲಿ ಹೊರಗೆ ಬರಬಹುದು ಅಂತ ಕಂಪನಿ ತೋರಿಸಿಕೊಡಬೇಕು. ನಿಜವಾದ ಬೆಂಕಿಯಲ್ಲಿ ಗಡಿಯಾರ ಅಷ್ಟು ಚೆನ್ನಾಗಿ ನಡೆಯುವುದಿಲ್ಲ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇ ಮೇಲೆ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಮೈಕ್ ಕೆಟ್ಟಿತ್ತು. ಎಂಟು ಬಾಗಿಲಲ್ಲಿ ಬಳಸಲು ಸಾಧ್ಯವಾಗಿದ್ದು ಮೂರೇ. ಯಾವುದರ ಹೊರಗೆ ಬೆಂಕಿ ಇದೆ, ಯಾವುದು ತೆರೆಯಬಹುದು ಅಂತ ಕ್ರೂ ಕಿಟಕಿಯಲ್ಲಿ ನೋಡಿ ನಿರ್ಧಾರ ಮಾಡಿದರು. ಅದರಲ್ಲಿದ್ದ 379 ಜನರೂ ಬದುಕಿದರು. ಬಾಗಿಲ ಹತ್ತಿರ ನೋಡುವ ಕಣ್ಣು ಇಲ್ಲದಿದ್ದರೆ ಯಾರೋ ಗಾಬರಿಯಲ್ಲಿ ಬೆಂಕಿ ಕಡೆಯದ್ದನ್ನೇ ತೆಗೆಯುತ್ತಿದ್ದರು.

ತಲೆ ಎಣಿಸಿದ್ದು ಸರಿಯಿದ್ದರೂ ಆ ತಲೆಗಳಿಗೆ ನಿದ್ದೆ ಆಗಿರಬೇಕು. ಪೈಲಟ್‌ಗಳಿಗೂ ಕ್ರೂಗೂ ದುಡಿಮೆಗೆ ಮಿತಿ, ವಿಶ್ರಾಂತಿಗೆ ಕನಿಷ್ಠ ಗಂಟೆ ಅಂತ ಬೇರೆ ಬೇರೆ ನಿಯಮ ಇವೆ. 2025ರಲ್ಲಿ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದರು. ಡಿಸೆಂಬರ್ ಬರುವಷ್ಟರಲ್ಲಿ ಹೊಸ ನಿಯಮಕ್ಕೆ ಪೈಲಟ್‌ಗಳು ಸಾಲದೆ ದೇಶದ ತುಂಬ ವಿಮಾನ ರದ್ದಾದವು. ನಮ್ಮ ಹುಬ್ಬಳ್ಳಿಯಲ್ಲಿ ಮದುಮಕ್ಕಳೇ ತಮ್ಮ ಆರತಕ್ಷತೆಗೆ ವಿಡಿಯೋದಲ್ಲಿ ಬಂದಿದ್ದು ನೆನಪಿದೆ ಅಲ್ವಾ? ಬೈಯಬೇಕಾದ್ದು ನಿಯಮವನ್ನಲ್ಲ, ಮೊದಲೇ ಗೊತ್ತಿದ್ದೂ ಜನರನ್ನು ತಗೊಳ್ಳದವರನ್ನು.

ಈಗ ಇಂಧನ. ಕಾರಲ್ಲಾದರೆ ಹಾವೇರಿ ದಾಟಿದ ಮೇಲೆ ರಾಣೆಬೆನ್ನೂರಲ್ಲಿ ಹಾಕಿಸಿದರಾಯಿತು ಅನ್ನಬಹುದು. ಮೇಲೆ ಬಂಕ್ ಇಲ್ಲ. ಅದಕ್ಕೇ ಈ ಲೆಕ್ಕವನ್ನು ಹಿಂದಿನಿಂದ ಹಾಕಬೇಕು: ಎಲ್ಲ ಕೆಟ್ಟು ಕೊನೆಗೆ ಇಳಿಯುವಾಗ ಟ್ಯಾಂಕಿನಲ್ಲಿ ಎಷ್ಟು ಉಳಿದಿರಬೇಕು ಅನ್ನುವಲ್ಲಿಂದ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಎಟಿಆರ್ ತಗೊಳ್ಳೋಣ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ. ಹಾಳೆಯ ಕೆಳಗಡೆ ಬರೆಯಿರಿ: ಕೊನೆಯ ಮೀಸಲು, 300 ಕಿಲೋ. ಅಂದರೆ ನಿಲ್ದಾಣದ ಮೇಲೆ 1,500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತುವಷ್ಟು. ಪಿಸ್ಟನ್ ಎಂಜಿನ್ನಿಗೆ ಇದು 45 ನಿಮಿಷ. ಪಂಖ ಕಾಣುತ್ತದೆ ಅಂತ ಎಟಿಆರ್ ಅನ್ನು ಅದಕ್ಕೆ ಸೇರಿಸಬೇಡಿ, ಒಳಗಿರುವುದು ಜೆಟ್‌ನಲ್ಲಿರುವಂಥ ಟರ್ಬೈನ್ ಎಂಜಿನ್. ಈ 300 ಕಿಲೋ ಮುಟ್ಟುವ ಹಾಗಿಲ್ಲ.

ಅದರ ಮೇಲಿನ ಸಾಲು ಬದಲಿ ನಿಲ್ದಾಣದ್ದು. ನನಗೆ ಜಾಸ್ತಿ ತಲೆ ಕೆಡಿಸುತ್ತಿದ್ದ ಸಾಲು ಇದೇ. ಹುಬ್ಬಳ್ಳಿಯಲ್ಲಿ ಇಳಿಯಲಾಗದಿದ್ದರೆ ಎಲ್ಲಿಗೆ? ಬೆಳಗಾವಿ ಹತ್ತಿರ, ರಸ್ತೆಯಲ್ಲೇ ನೂರು ಕಿಲೋಮೀಟರ್ ಆಸುಪಾಸು. 250 ಕಿಲೋ ಇಂಧನ ಸಾಕು ಅನ್ನಿ. ಆದರೆ ಜುಲೈಯಲ್ಲಿ ಧಾರವಾಡದ ಮೇಲೆ ಕೂತ ಮೋಡ ಬೆಳಗಾವಿಯ ಮೇಲೂ ಕೂತಿರುತ್ತದೆ. ಗೋವಾ ಕಡೆ ನೋಡಿದರೆ ಘಟ್ಟದ ಮಳೆ. ಎರಡೂ ಒಟ್ಟಿಗೆ ಮುಚ್ಚುವ ಊರುಗಳನ್ನು ಒಂದಕ್ಕೊಂದು ಬದಲಿ ಅಂತ ಬರೆದರೆ ಅದು ಕಾಗದದ ಬದಲಿ ಅಷ್ಟೇ. ಅಂಥ ದಿನ ನಾನು ವಾಪಸ್ ಬೆಂಗಳೂರನ್ನೇ ಬರೆಯುತ್ತಿದ್ದೆ. ಆಗ 250ರ ಜಾಗದಲ್ಲಿ 650 ಕಿಲೋ.

ಮೇಲಿನ ಸಾಲುಗಳು ಬೇಗ ಮುಗಿಯುತ್ತವೆ. ದಾರಿಗೆ ಒಂದು ಗಂಟೆ, 700 ಕಿಲೋ. ಗಾಳಿ ಎದುರಾದರೆ, ಸುತ್ತು ಬಳಸಿ ಕಳಿಸಿದರೆ ಅಂತ ದಾರಿ ಇಂಧನದ ಶೇ. 5, ಇಲ್ಲವೇ 5 ನಿಮಿಷ ಸುತ್ತುವಷ್ಟು, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಶೇ. 5 ಅಂದರೆ 35, ಐದು ನಿಮಿಷಕ್ಕೆ 50. ಹಾಗಾದರೆ 50 ಬರೆಯಿರಿ. ನೆಲದ ಮೇಲೆ ಓಡಾಡಲಿಕ್ಕೆ 30. ಬದಲಿಗೆ ಬೆಂಗಳೂರಿನ 650 ಹಿಡಿದರೆ ಒಟ್ಟು 1,730 ಕಿಲೋ. ಕ್ಯಾಪ್ಟನ್‌ಗೆ ಬೇಕೆನಿಸಿದರೆ ಇನ್ನಷ್ಟು ಕೇಳಬಹುದು. ಆ ಅಧಿಕಾರ ಅವರದ್ದು. ಹಾಗಂತ ಟ್ಯಾಂಕ್ ತುಂಬಿಸಿ ಹೋಗುವುದು ಜಾಣತನವಲ್ಲ. ಭಾರ ಹೊರಲಿಕ್ಕೂ ಇಂಧನ ಸುಡುತ್ತದೆ. ಜೆಟ್ ವಿಮಾನದಲ್ಲಿ ಹೆಚ್ಚುವರಿ ಇಂಧನದ ಶೇ. 3ರ ಸುಮಾರು ಗಂಟೆಗೊಮ್ಮೆ ಅದನ್ನು ಹೊತ್ತಿದ್ದಕ್ಕೇ ಖರ್ಚು. ತೂಕದ ಮಿತಿ ಮುಟ್ಟಿದರೆ ನಿಮ್ಮ ಬ್ಯಾಗೇ ಕೆಳಗೆ ಉಳಿಯಬಹುದು.

ಕೊನೆಗೆ ಕಿಲೋವನ್ನು ಲೀಟರ್ ಮಾಡಿ, ಯಾಕೆಂದರೆ ಇಂಧನ ತುಂಬಿಸುವ ಬೌಸರ್ ಲಾರಿಯ ಮೀಟರ್ ಲೀಟರಿನದ್ದು. ವಿಮಾನದ ಇಂಧನ ಲೀಟರಿಗೆ ಸುಮಾರು 0.8 ಕಿಲೋ ತೂಗುತ್ತದೆ. 1,730 ಭಾಗಿಸು 0.8, ಅಂದರೆ 2,160 ಲೀಟರ್ ಚಿಲ್ಲರೆ. ಟ್ಯಾಂಕಿನಲ್ಲಿ ಮೊದಲೇ ಇರುವುದನ್ನು ಕಳೆದು ಉಳಿದದ್ದನ್ನು ತುಂಬಿಸಬೇಕು. ಈ ಸಾಲನ್ನು ಇಬ್ಬರು ಬೇರೆ ಬೇರೆ ಹಾಕಿ ತಾಳೆ ನೋಡಲಿ. 1983ರ ಜುಲೈನಲ್ಲಿ ಏರ್ ಕೆನಡಾದ ಬೋಯಿಂಗ್ 767ಕ್ಕೆ 22,300 ಕಿಲೋ ಬೇಕಿತ್ತು, ಹೋಗಿದ್ದು 22,300 ಪೌಂಡ್. ಅರ್ಧಕ್ಕಿಂತ ಕಡಿಮೆ. ಆಕಾಶದಲ್ಲೇ ಎರಡೂ ಎಂಜಿನ್ ನಿಂತವು. ಗಿಮ್ಲಿ ಅನ್ನುವ ಹಳೆಯ ವಾಯುನೆಲೆಯಲ್ಲಿ ತೇಲಿಸಿಕೊಂಡು ಇಳಿಸಿದ್ದು ಪೈಲಟ್‌ನ ಕೈಚಳಕ.

ಮೇಲೆ ಹೋದ ಮೇಲೂ ಲೆಕ್ಕ ನಡೆಯುತ್ತಲೇ ಇರುತ್ತದೆ. ಇನ್ನು ಸ್ವಲ್ಪ ತಡವಾದರೂ ಕೊನೆಯ ಮೀಸಲಿಗೆ ಕೈ ಹಾಕಬೇಕಾದೀತು ಅನ್ನಿಸಿದರೆ ಪೈಲಟ್ "ಮಿನಿಮಮ್ ಫ್ಯೂಯೆಲ್" ಅನ್ನುತ್ತಾರೆ. ಮೀಸಲು ಕರಗುವುದು ಖಾತ್ರಿಯಾದರೆ "ಮೇಡೇ ಫ್ಯೂಯೆಲ್", ಅಂದರೆ ತುರ್ತು ಅಂತ ಘೋಷಣೆ. 1990ರ ಜನವರಿಯಲ್ಲಿ ನ್ಯೂಯಾರ್ಕ್ ಹತ್ತಿರ ಆವಿಯಾಂಕಾ ವಿಮಾನದವರು ಇಂಧನ ಮುಗಿಯುತ್ತಿದೆ ಅಂದರೇ ಹೊರತು ತುರ್ತು ಅಂತ ಘೋಷಿಸಲಿಲ್ಲ. 73 ಜನ ಸತ್ತರು. ಆದ್ದರಿಂದ ನಿಮ್ಮ ವಿಮಾನ ಹುಬ್ಬಳ್ಳಿ ಮೇಲೆ ನಾಲ್ಕು ಸುತ್ತು ಹೊಡೆದು ವಾಪಸ್ ಬೆಂಗಳೂರಿಗೆ ಹೋದರೆ, "ಇನ್ನೊಂದು ಸಲ ಪ್ರಯತ್ನ ಮಾಡಬಹುದಿತ್ತು" ಅನ್ನಬೇಡಿ. ಆ ಇನ್ನೊಂದು ಸಲಕ್ಕೆ ಹಾಳೆಯಲ್ಲಿ ಸಾಲು ಇರಲಿಲ್ಲ.

ಇನ್ನೊಂದು ವಿಷಯ. ಕೆಲವೊಮ್ಮೆ ನೀವು ಒಳಗೆ ಕೂತಿರುವಾಗಲೇ ಬೌಸರ್ ಬಂದು ಇಂಧನ ತುಂಬಿಸುತ್ತದೆ. ಆಗ ಕ್ರೂ ಬಾಗಿಲ ಹತ್ತಿರವೇ ನಿಂತಿರುತ್ತಾರೆ, ಬೆಲ್ಟ್ ಹಾಕಬೇಡಿ ಅಂತ ಹೇಳುತ್ತಾರೆ. ಏನಾದರೂ ಆದರೆ ತಕ್ಷಣ ಎದ್ದು ಓಡಬೇಕಲ್ಲ. ಜೊತೆಗಿರುವ ಅಜ್ಜ, ಅಜ್ಜಿ ಶಿಸ್ತಾಗಿ ಬೆಲ್ಟ್ ಬಿಗಿದುಕೊಂಡಿದ್ದರೆ ಬಿಚ್ಚಿಸಿ, ನಡುದಾರಿಯಲ್ಲಿ ಚೀಲ ಇಡಬೇಡಿ. ಲಾರಿ ಹೋದ ಮೇಲೆ ಮತ್ತೆ ಹಾಕಿಸಿ.