ಒಂದು ಹಬ್ಬ, ಎರಡು ರಸೀದಿ ಪುಸ್ತಕ

"ಇದು ಒಂದು ವರ್ಷನೂ ನಡೆಯೋದಿಲ್ಲ ಮಾಸ್ತರ್ರೇ" ಎಂದವರು ಆಸ್ತಿಕರಲ್ಲ, ನಮ್ಮ ಕಡೆಯ ನಾಸ್ತಿಕರೇ. ಊರ ಹಬ್ಬದ ವಂತಿಗೆಗೆ ಪೂಜೆಗೊಂದು, ಊಟಕ್ಕೊಂದು ಎಂದು ಎರಡು ರಸೀದಿ ಪುಸ್ತಕ ಇಡುವ ನನ್ನ ಏರ್ಪಾಡಿನ ಮಾತು ಅದು. ಈಗ ಆರೇಳು ವರ್ಷದಿಂದ ನಡೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ದೇವರನ್ನು ನಂಬದೆ ಹಳ್ಳಿಯಲ್ಲೇ ಉಳಿದವರಿಗೆ ಉಪಯೋಗ ಆದೀತು. ದೇವರು ಇದ್ದಾನೋ ಇಲ್ಲವೋ ಎಂಬ ವಾದ ನಿಮಗೆಲ್ಲ ಬಾಯಿಪಾಠ, ಅದು ಬೇಡ. ಹಳ್ಳಿಯಲ್ಲಿ ಜಗಳ ಶುರುವಾಗುವುದು ವಂತಿಗೆಯಿಂದ.

ನಮ್ಮದು ಉತ್ತರ ಕನ್ನಡದ ಅಂಕೋಲಾ ತಾಲೂಕು. ಊರ ದೇವರ ಬಂಡಿಹಬ್ಬಕ್ಕೆ ಮನೆಗೆ ಇಷ್ಟು ಎಂದು ವಂತಿಗೆ ಹಾಕುತ್ತಾರೆ. ಕೊಟ್ಟರೆ "ಕಡೆಗೂ ಹೆದರಿದ್ರಿ ಅಲ್ವಾ" ಎಂಬ ನಗು. ಕೊಡದಿದ್ದರೆ ಊರಿಗೇ ಹೊರಗಿನವ. ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆ ಮಾಡಿದ ತಾಲೂಕಿದು. ಬ್ರಿಟಿಷರಿಗೆ ಇಲ್ಲ ಎಂದವರ ಊರಲ್ಲಿ ಹಬ್ಬದ ಸಮಿತಿಗೆ ಇಲ್ಲ ಎನ್ನಲು ಆಗುವುದಿಲ್ಲ! ತರುಣ ಗೆಳೆಯನೊಬ್ಬ ಸಂವಿಧಾನದ 27ನೇ ವಿಧಿ ತೋರಿಸಿದ. ಒಂದು ಧರ್ಮದ ಪೋಷಣೆಗೆಂದೇ ಇರುವ ತೆರಿಗೆಯನ್ನು ಕಟ್ಟಿ ಎಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಸರಿ, ಆದರೆ ಅದು ಸರಕಾರದ ತೆರಿಗೆಯ ಮಾತು. ನಮ್ಮ ಬಾಗಿಲಿಗೆ ರಸೀದಿ ಹಿಡಿದು ಬರುವವನು ನನ್ನ ಅಣ್ಣನ ಮಗ.

ಸಮಿತಿಯ ಲೆಕ್ಕ ಬರೆದುಕೊಡುತ್ತೇನೆ ಎಂದೆ. ಬರೆಯುವವರು ಬೇರೆ ಯಾರೂ ಇರಲಿಲ್ಲ, ಒಪ್ಪಿದರು. ಹಳೆಯ ಹಾಳೆ ಬಿಡಿಸಿದರೆ ಖರ್ಚು ಒಂದು ಲಕ್ಷದ ಎಂಬತ್ತು ಸಾವಿರದ ಸುತ್ತಮುತ್ತ. ಅದರಲ್ಲಿ ಪೂಜೆಗೆ ಹೋಗಿದ್ದು ನಲವತ್ತು ಸಾವಿರವೂ ಇಲ್ಲ. ಉಳಿದದ್ದೆಲ್ಲ ಅಕ್ಕಿ, ಬೇಳೆ, ನೀರಿನ ಟ್ಯಾಂಕರು, ಶಾಮಿಯಾನ, ದೀಪ. ಅಲ್ಲಿಗೆ ಉಪಾಯ ಹೊಳೆಯಿತು. ಹಳದಿ ಪುಸ್ತಕ ಪೂಜೆಗೆ. ಬಿಳಿ ಪುಸ್ತಕ ಊಟ, ನೀರು, ದೀಪಕ್ಕೆ. ಯಾರಿಗೆ ಯಾವುದು ಬೇಕೋ ಅದಕ್ಕೆ ಕೊಡಲಿ.

ಎರಡೂ ಕಡೆಯಿಂದ ಬೈಸಿಕೊಂಡೆ. "ದೇವರಿಗೂ ದೇವರ ಊಟಕ್ಕೂ ಬೇರೆ ಲೆಕ್ಕವಾ?" ಎಂದು ಸಮಿತಿ. "ಹಿಂಬಾಗಿಲಿಂದ ಭಕ್ತನಾದೆ" ಎಂದು ನಮ್ಮವರು. ಮೊದಲ ವರ್ಷ ಬಿಳಿ ಪುಸ್ತಕಕ್ಕೆ ಬಂದದ್ದು ನಾಲ್ಕು ಸಾವಿರ ಚಿಲ್ಲರೆ. ಅರ್ಧ ನನ್ನದೇ. ಅಚ್ಚು ಹಾಕಿಸಿದ ಸಾವಿರ ಚಿಲ್ಲರೆಯೂ ನನ್ನ ಕಿಸೆಯಿಂದಲೇ.

ಆಮೇಲೆ ನೈವೇದ್ಯಕ್ಕೆ ಸಿಕ್ಕಿಹಾಕಿಕೊಂಡೆವು. ಒಲೆ ಒಂದೇ, ಅಕ್ಕಿ ಒಂದೇ. ಬಿಳಿ ಲೆಕ್ಕದ ಅಕ್ಕಿಯಲ್ಲಿ ನೈವೇದ್ಯವಾದರೆ ನಂಬದವನ ದುಡ್ಡು ಪೂಜೆಗೆ ಹೋದಂತೆ. ಆಗದಿದ್ದರೆ ಅದು ಪ್ರಸಾದವೇ ಅಲ್ಲ ಎಂದು ಅಜ್ಜಿಯರು ಉಣ್ಣುವುದಿಲ್ಲ. ಸಭೆಯಲ್ಲಿ ರಾತ್ರಿ ಹನ್ನೊಂದಾದರೂ ಬಗೆಹರಿಯಲಿಲ್ಲ. ಬಿಡಿಸಿದ್ದು ಊರ ದೇವರ ಪೂಜೆ ಮಾಡುವ ಗುನಗರು. ಹಳದಿ ಲೆಕ್ಕದಲ್ಲಿ ನಾಲ್ಕೈದು ಸೇರು ಅಕ್ಕಿ ಬೇರೆ ಬೇಯಿಸಿ, ನೈವೇದ್ಯ ಮಾಡಿ, ಅದರಿಂದ ಒಂದೊಂದು ಮುಷ್ಟಿ ದೊಡ್ಡ ಪಾತ್ರೆಗಳಿಗೆ ಬೆರೆಸುವುದು. "ನೀವು ಅನ್ನ ಅಂತ ಉಣ್ಣಿ ಮಾಸ್ತರ್ರೇ, ನಾವು ಪ್ರಸಾದ ಅಂತ ಉಣ್ತೇವೆ. ಉಪ್ಪಿನಕಾಯಿ ಸಾಕಾಗ್ತದಾ ಅದನ್ನ ನೋಡಿ" ಎಂದರು. ಇಷ್ಟು ಓದಿದ ನನಗೆ ಇದು ಹೊಳೆದಿರಲಿಲ್ಲ.

ನನ್ನ ಷರತ್ತು ಮೊದಲೇ ಹೇಳಿದ್ದೆ. ಕೈ ಮುಗಿಯುವುದಿಲ್ಲ, ತೀರ್ಥ ತೆಗೆದುಕೊಳ್ಳುವುದಿಲ್ಲ, ಕೇಳಬೇಡಿ. ಕಳಸ ಬರುವಾಗ ಎದ್ದು ನಿಲ್ಲುತ್ತೇನೆ, ಸಮಿತಿಯ ಸಭೆಯಲ್ಲಿ 'ಮೂಢನಂಬಿಕೆ' ಎಂಬ ಮಾತು ಎತ್ತುವುದಿಲ್ಲ. ಎದ್ದು ನಿಲ್ಲುವುದು ನಮ್ಮವರಿಗೆ ಈಗಲೂ ಸರಿಬರುವುದಿಲ್ಲ. ಲೇಖಕ ಗೌರೀಶ ಕಾಯ್ಕಿಣಿಯವರು ದೇವರನ್ನು ಒಪ್ಪದ ಚಿಂತಕ ಎಂ.ಎನ್. ರಾಯ್ ಅವರ ವಿಚಾರ ಒಪ್ಪಿಕೊಂಡೇ, ಮಾಸ್ತರಿಕೆ ಮಾಡುತ್ತ, ಮಹಾಬಲೇಶ್ವರನ ಗೋಕರ್ಣದಲ್ಲಿ ಬಾಳಿದರು. ನನಗೆ ಅಷ್ಟು ಧೈರ್ಯ ಸಾಕು.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಹಬ್ಬದ ರಾತ್ರಿ ಜನ ಸೇರಿರುತ್ತಾರೆ, ಚಂದ್ರನನ್ನು ತೋರಿಸೋಣ ಎಂದು ಎಂಟು ಸಾವಿರ ಕೊಟ್ಟು ದುರ್ಬೀನು ತಂದೆ. ವೈಶಾಖದ ಹುಣ್ಣಿಮೆ. ಹುಣ್ಣಿಮೆಯಲ್ಲಿ ಚಂದ್ರನ ಮೇಲೆ ನೆರಳು ಕಾಣುವುದಿಲ್ಲ, ಕುಳಿಗಳು ಎದ್ದು ತೋರುವುದಿಲ್ಲ. ಮಕ್ಕಳು ಬೆಳ್ಳಗಿನ ತಟ್ಟೆ ನೋಡಿ ಐಸ್‌ಕ್ರೀಮಿನ ಗಾಡಿಗೆ ಹೋದರು. ಇಡುವುದಿದ್ದರೆ ಅಷ್ಟಮಿಯ ಹತ್ತಿರ ಇಡಿ.

ಈ ಸಲ ಬಿಳಿ ಪುಸ್ತಕಕ್ಕೆ ಎಪ್ಪತ್ತೈದು ಸಾವಿರದ ಹತ್ತಿರ ಬಂತು. ಪಕ್ಕದ ಕೇರಿಯ ಮುಸ್ಲಿಮರು ಕೊಟ್ಟರು, ಇಗರ್ಜಿಗೆ ಹೋಗುವ ಮೂರ್ನಾಲ್ಕು ಕ್ರೈಸ್ತ ಮನೆಯವರು ಕೊಟ್ಟರು. ಹಳದಿ ಕಡಿಮೆಯಾಗುತ್ತದೆ ಎಂದು ಹೆದರಿದ್ದರು, ಅದೂ ಸ್ವಲ್ಪ ಏರಿತು! ಲೆಕ್ಕವನ್ನು ದೇವಸ್ಥಾನದ ಗೋಡೆಗೆ ಅಂಟಿಸುತ್ತೇನಲ್ಲ, ಒಂದು ರೂಪಾಯಿಗೂ ತಕರಾರಿಲ್ಲ. ಮೊದಲು ನನ್ನನ್ನು ಅಂಗಳಕ್ಕೂ ಸೇರಿಸದಿದ್ದ ದೊಡ್ಡ ಮನೆಯವರೇ ಈಗ ಬಿಳಿ ಪುಸ್ತಕದ ಮೊದಲ ರಸೀದಿ ಹರಿಸಿಕೊಳ್ಳುತ್ತಾರೆ. ಹೇಗೆ ಒಪ್ಪಿಸಿದೆ ಎಂದು ಮಾತ್ರ ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷ ಕೊಡಲಿಕ್ಕಿಲ್ಲ.

ಯಕ್ಷಗಾನದ ಲೆಕ್ಕ ಇನ್ನೂ ಬಾಕಿ ಇದೆ. ಹರಕೆ ಹೊತ್ತವರು ಆಡಿಸುವ ಆಟವಾದರೆ ಹಳದಿ ಎನ್ನುವುದು ಸುಲಭ. ಆದರೆ ಈ ಸಲ ಹರಕೆ ಒಬ್ಬರದು, ವೇಷ ಕಟ್ಟಿದವರು ಊರ ಹುಡುಗರು. ವೇಷ ಕಟ್ಟುವ ಚೌಕಿಯ ಗಣಪತಿಗೆ ಇಟ್ಟ ಹೂವು-ಕಾಯಿ ಹಳದಿಗೆ, ಭಾಗವತರ ಸಂಭಾವನೆ ಬಿಳಿಗೆ, ಜನರೇಟರಿನ ಡೀಸೆಲ್ ಅರ್ಧರ್ಧ ಎಂದು ಬರೆದಿಟ್ಟಿದ್ದೇನೆ. ಸಮಿತಿ ಒಪ್ಪಿಲ್ಲ. ಭಾನುವಾರ ಮತ್ತೆ ಸಭೆ.