ಪಾಲಿಹೌಸಿಗೆ ನೀಲಿಪಟ್ಟೆಯ ಜೇನು ಕರೆತಂದ ನನ್ನ ಅನುಭವ

ಪುಣೆಯ ಹೊರವಲಯದಲ್ಲಿ, ತಳೇಗಾವ್ ಸಮೀಪದ ನನ್ನ 10 ಗುಂಟೆ ಪಾಲಿಹೌಸಿನಲ್ಲಿ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆ) ಚೆರ್ರಿ ಟೊಮೆಟೊ ಬೆಳೆಯಲು ತೊಡಗಿ 6 ವರ್ಷಗಳಾದವು. ಮೊದಲ 4 ವರ್ಷ ಗಿಡ ತುಂಬ ಹೂವಿದ್ದರೂ ಗೊಂಚಲಿನ 10 ಹೂವಿಗೆ ಕಾಯಿ ಕಟ್ಟುತ್ತಿದ್ದದ್ದು ನಾಲ್ಕೋ ಐದೋ ಮಾತ್ರ. ಗೊಬ್ಬರ, ನೀರು, ತಾಪಮಾನ ಎಲ್ಲವನ್ನೂ ಸರಿಪಡಿಸಿದ ಮೇಲೂ ಈ ಲೆಕ್ಕ ಬದಲಾಗಲಿಲ್ಲ. ಹೂವಿನ ಪರಾಗ ಉದುರಿಸಲು ಮಣ್ಣಿನ ಗೋಡೆ ಕಟ್ಟಿ, ಅದರಲ್ಲಿ ಗೂಡು ಮಾಡುವ ಜೇನನ್ನು ಕರೆಯುತ್ತೇನೆಂದಾಗ ನನ್ನ ತೋಟ ನೋಡಿಕೊಳ್ಳುವ, ಇಂಡಿ ತಾಲ್ಲೂಕಿನ ಕಾಕಾ ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: "ಸಾಹೇಬ್ರ, ನಾವು ಟೊಮೆಟೊ ಬೆಳಿಯಾಕ ಬಂದೀವೋ, ಗೋಡಿ ಕಟ್ಟಾಕ ಬಂದೀವೋ?" ಇದನ್ನು ಬರೆಯಲು ಅರ್ಧ ಕಾರಣ ಆ ಪ್ರಶ್ನೆಯೇ.

ಪರಾಗ ಉದುರಿ ಕಾಯಿ ಕಟ್ಟಲೆಂದು ಗೊಂಚಲು ಅಲುಗಾಡಿಸುವ ಕೆಲಸವನ್ನು ಎಲ್ಲರಂತೆ ನಾನೂ ಕೋಲಿನಿಂದಲೇ ಆರಂಭಿಸಿದ್ದೆ. ಇಬ್ಬರು ಹೆಣ್ಣಾಳುಗಳು ದಿನ ಬಿಟ್ಟು ದಿನ ಬೆಳಿಗ್ಗೆ ತಂತಿಗಳನ್ನು ತಟ್ಟುತ್ತ ಹೋಗುತ್ತಿದ್ದರು, ತಿಂಗಳಿಗೆ ಹೆಚ್ಚುಕಡಿಮೆ 12,000 ರೂಪಾಯಿ ಕೂಲಿ ಬೀಳುತ್ತಿತ್ತು. ಕೂಲಿ ಉಳಿಸಲೆಂದು ಒಂದು ಹಂಗಾಮಿನಲ್ಲಿ ಕಾಯಿ ಕಟ್ಟಿಸುವ ಹಾರ್ಮೋನ್ ಸಿಂಪಡಿಸಿದೆ. ಕಾಯಿಯೇನೋ ಕಟ್ಟಿತು, ಆದರೆ ಬೀಜವಿಲ್ಲದೆ ಒಳಗೆ ಪೊಳ್ಳಾದ ಹಣ್ಣನ್ನು ವ್ಯಾಪಾರಿ ಕ್ರೇಟು ಕ್ರೇಟಾಗಿ ಹಿಂದಿರುಗಿಸಿದ. ಆ ಹಂಗಾಮಿನ ನಷ್ಟ 40,000 ರೂಪಾಯಿ ದಾಟಿರಬೇಕು. ಆಮೇಲೆ ಹಲ್ಲುಜ್ಜುವ ಬ್ಯಾಟರಿ ಬ್ರಷ್ಷುಗಳನ್ನು ತಂದು ಪ್ರತಿ ಗೊಂಚಲಿನ ತೊಟ್ಟಿಗೂ ಮುಟ್ಟಿಸಿದೆವು. ಇದು ನಿಜಕ್ಕೂ ಕೆಲಸ ಮಾಡಿತು, ಆದರೆ 2,400 ಗಿಡಗಳಿಗೆ ಬ್ರಷ್ ಹಿಡಿದು ಓಡಾಡಲು ಕೋಲಿಗಿಂತ ಹೆಚ್ಚು ಹೊತ್ತು ಬೇಕಾಯಿತು.

ಎಲ್ಲಕ್ಕಿಂತ ದುಬಾರಿ ತಪ್ಪು ಜೇನು ಪೆಟ್ಟಿಗೆಗಳದ್ದು. ಪುಣೆಯಲ್ಲಿ 1962ರಿಂದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇರುವ ಕಾರಣ ಈ ಭಾಗದಲ್ಲಿ ಜೇನು ಸಾಕುವವರಿಗೆ ಕೊರತೆಯಿಲ್ಲ. ಒಬ್ಬರಿಂದ ಮೆಲ್ಲಿಫೆರಾ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನಿನ 2 ಪೆಟ್ಟಿಗೆ ಬಾಡಿಗೆಗೆ ತಂದು ಒಳಗಿಟ್ಟೆ. ನೊಣಗಳು ಮೇಲಿನ ಹಾಳೆಗೆ ಬಡಿದು ಬಡಿದು ಮೂಲೆಗಳಲ್ಲಿ ಸತ್ತು ಬಿದ್ದವು. ಉಳಿದವು ಟೊಮೆಟೊ ಹೂವನ್ನು ಮೂಸಿಯೂ ನೋಡಲಿಲ್ಲ. ತಪ್ಪು ನೊಣಗಳದ್ದಲ್ಲ. ಟೊಮೆಟೊ ಹೂವಿನಲ್ಲಿ ಮಕರಂದವಿಲ್ಲ, ಪರಾಗವೂ ಕೇಸರಗಳ ಕೊಳವೆಯೊಳಗೆ ಉಪ್ಪಿನ ಡಬ್ಬಿಯಲ್ಲಿ ಉಪ್ಪಿರುವಂತೆ ಮುಚ್ಚಿಕೊಂಡಿರುತ್ತದೆ. ಅದನ್ನು ಉದುರಿಸುವಷ್ಟು ಜೋರಾಗಿ ಹೂವನ್ನು ನಡುಗಿಸುವ ವಿದ್ಯೆ ಪೆಟ್ಟಿಗೆಯ ಜೇನಿಗೆ ಇಲ್ಲ. ವಿಚಿತ್ರವೆಂದರೆ ಆ ನಡುಕದ ಸ್ನಾಯು ಅದಕ್ಕೂ ಇದೆ. ಗೂಡಿನಲ್ಲಿ ಮರಿಗಳನ್ನು 35 ಡಿಗ್ರಿಯ ಆಸುಪಾಸಿನಲ್ಲಿ ಬೆಚ್ಚಗಿಡಲು ರೆಕ್ಕೆ ಬಡಿಯದೆ ಎದೆಯ ಸ್ನಾಯುವನ್ನಷ್ಟೇ ಅದು ನಡುಗಿಸುತ್ತದೆ. ಹೂವಿನ ಮೇಲೆ ಮಾತ್ರ ಹಾಗೆ ಮಾಡುವುದಿಲ್ಲ.

ಝೇಂಕಾರವೆಂದರೆ ಹಾರುವ ಸದ್ದು ಮಾತ್ರ ಎಂದುಕೊಂಡಿದ್ದ ನನಗೆ ಬೇರೆ ಬಗೆಯದನ್ನು ಕೇಳಿಸಿದ್ದು ಹೊರಗಿನ ಬದನೆ ಮಡಿಗೆ ಬರುತ್ತಿದ್ದ, ಒಂಟಿಯಾಗಿ ಬದುಕುವ ನೀಲಿಪಟ್ಟೆಯ ಜೇನು. ಹಾರುವಾಗ ಅದರದು ಒಂದು ಸದ್ದು. ಬದನೆ ಹೂವನ್ನು ತಬ್ಬಿ ಕುಳಿತು, ರೆಕ್ಕೆಗಳನ್ನು ಬೆನ್ನಿಗೆ ಮಡಚಿದ ಮೇಲೆ ಅದಕ್ಕಿಂತ ಏರಿದ, ಚುಟುಕಾದ ಇನ್ನೊಂದು ಸದ್ದು. ಆ ಹೂವಿನ ಕೆಳಗೆ ಮೊಬೈಲಿನ ಕಪ್ಪು ಗಾಜನ್ನು ಹಿಡಿದೆ. ಪ್ರತಿ ಝೇಂಕಾರಕ್ಕೂ ಸಣ್ಣ ಹಳದಿ ಹುಡಿ ಗಾಜಿನ ಮೇಲೆ ಉದುರಿತು. ಧ್ವನಿಮುದ್ರಿಸಿಕೊಂಡು ಮನೆಗೆ ಬಂದಾಗ, ಧಾರವಾಡದಲ್ಲಿ ಸಂಗೀತ ಕಲಿತ ನನ್ನ ಹೆಂಡತಿ ಹಾರ್ಮೋನಿಯಂ ತೆಗೆದು ಹೂವಿನ ಮೇಲಿನ ಸ್ವರ ಬಿಳಿ ನಾಲ್ಕರ (ನಾಲ್ಕನೆಯ ಬಿಳಿ ಮನೆಯ) ಹತ್ತಿರ ಬರುತ್ತದೆ ಎಂದಳು. ಅಂದರೆ ಸೆಕೆಂಡಿಗೆ ಸುಮಾರು 350 ಕಂಪನ. ಇದೇ ಬಳಗದ ಆಸ್ಟ್ರೇಲಿಯಾದ ಜೇನಿನ ಬಗ್ಗೆ ಅಲ್ಲಿನ ವಿಜ್ಞಾನಿಗಳು ಅಳೆದದ್ದೂ ಅಷ್ಟೇ, ಅದು ಟೊಮೆಟೊ ಕೇಸರಕ್ಕೆ ತಲೆಯಿಂದ ಬಡಿಯುವುದನ್ನೂ ಅವರು ನಿಧಾನಗತಿಯ ಚಿತ್ರಣದಲ್ಲಿ ಕಂಡಿದ್ದಾರೆ. ಮೆಲ್ಲಿಫೆರಾ ಹಾರುವ ಸ್ವರ ಕರಿ ಐದರ ಬಳಿ ನಿಲ್ಲುತ್ತದೆಂಬುದನ್ನೂ ಅದೇ ಸಂಜೆ ಪತ್ತೆ ಮಾಡಿದೆವು. ಇದರಿಂದ ಟೊಮೆಟೊಗೆ ಯಾವ ಲಾಭವೂ ಆಗಲಿಲ್ಲ.

ಈ ಜೇನು ಪೆಟ್ಟಿಗೆಯಲ್ಲಿ ಸಂಸಾರ ಹೂಡುವುದಿಲ್ಲ. ಪ್ರತಿ ಹೆಣ್ಣೂ ಮೆದು ಮಣ್ಣಿನಲ್ಲಿ ತನ್ನದೇ ಬಿಲ ತೋಡುತ್ತದೆ. ಪುಣೆಯ ಕಸಬಾ ಪೇಠದಲ್ಲಿ ಕೆಡವುತ್ತಿದ್ದ ವಾಡೆಯೊಂದರ, ಅಂದರೆ ಹಳೆಯ ದೊಡ್ಡ ಮನೆಯೊಂದರ, ಮಣ್ಣುಗೋಡೆಯಲ್ಲಿ ಪೆನ್ಸಿಲ್ ದಪ್ಪದ ತೂತುಗಳನ್ನು ಕಂಡಾಗಲೇ ನನಗೆ ದಾರಿ ಹೊಳೆಯಿತು. ಮೊದಲ ವರ್ಷ ಕುಂಬಾರರ ಜೇಡಿಯಿಂದ ಇಟ್ಟಿಗೆ ಹಾಕಿಸಿದೆ. ಅದು ಕಲ್ಲಾಯಿತು, ಒಂದೂ ಜೇನು ಬಾಯಿಡಲಿಲ್ಲ. ಎರಡನೆಯ ವರ್ಷ ಮರಳು ಹೆಚ್ಚಿಸಿದೆ. ತೂತುಗಳೇನೋ ಬಿದ್ದವು, ಆದರೆ ಜುಲೈ ಮಳೆಯ ಇರಚಲಿಗೆ ಬಿಲಗಳ ಸಮೇತ ಗೋಡೆಯೇ ಕರಗಿ ಹೋಯಿತು. ಈಗಿನ 40 ಇಟ್ಟಿಗೆಗಳಿಗೆ ವಾಡೆಯ ಹಳೆ ಮಣ್ಣನ್ನೇ ಬಳಸಿದ್ದೇನೆ. ಅದಕ್ಕೆ ಏನನ್ನು, ಎಷ್ಟು ಬೆರೆಸಿದೆನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅದಕ್ಕಾಗಿ 2 ಮಳೆಗಾಲ ಕಳೆದುಕೊಂಡಿದ್ದೇನೆ. ಮುಖ ಪೂರ್ವಕ್ಕಿರಬೇಕು, ಮೇಲೆ ತಗಡಿನ ಸೂರು ಮುಂಚಾಚಿರಬೇಕು, ಹತ್ತಿರದಲ್ಲಿ ಮಕರಂದಕ್ಕೆ ತುಳಸಿ ಮತ್ತು ಕಾಮಕಸ್ತೂರಿ ಇರಬೇಕು; ಇಷ್ಟು ಹೇಳಬಲ್ಲೆ.

ಪಟ್ಟೆ ಕಂಡೊಡನೆ ಹೆಣ್ಣಾಳುಗಳು ಸೆರಗು ಬೀಸಿ ಓಡುತ್ತಿದ್ದರು. ಅವರ ಹೆದರಿಕೆ ಸಹಜ, ಪಟ್ಟೆಯ ಉದ್ದೇಶವೂ ಅದೇ: ಒಮ್ಮೆ ಚುಚ್ಚಿಸಿಕೊಂಡ ಹಕ್ಕಿ ಆ ಗೆರೆಗಳನ್ನು ನೆನಪಿಟ್ಟು ಮತ್ತೆ ಕೊಕ್ಕು ಹಾಕದಿರಲಿ ಎಂಬ ಎಚ್ಚರಿಕೆ ಅದು. ಈ ಎಚ್ಚರಿಕೆಯನ್ನು ಕದ್ದು ಬದುಕುವವರೂ ಇದ್ದಾರೆ. ನನ್ನ ಕೊತ್ತಂಬರಿ ಹೂವಿಗೆ ಬರುವ ಹಳದಿಪಟ್ಟೆಯ ಹೂನೊಣಕ್ಕೆ ಮುಳ್ಳೇ ಇಲ್ಲ, ರೆಕ್ಕೆ ಎಣಿಸಿದರೆ ನಾಲ್ಕರ ಬದಲು ಎರಡೇ ಇವೆ. ನೀಲಿ ಜೇನಿನ ಗಂಡಿಗೂ ಮುಳ್ಳಿಲ್ಲ. ಹೆಣ್ಣು ಕೂಡ ಅದುಮಿ ಹಿಡಿದರೆ ಹೊರತು ಚುಚ್ಚುವುದಿಲ್ಲವೆಂದು ತೋರಿಸಲು ಗೋಡೆಯ ಎದುರೇ ಕುಳಿತು ನಾನು ಒಂದು ವಾರ ಚಹಾ ಕುಡಿದೆ.

ಜೇನನ್ನು ಒಳಗೆ ಬಿಡಲು ಕೀಟಬಲೆಯನ್ನು ತೆರೆಯಬೇಕು, ತೆರೆದರೆ ಬಿಳಿನೊಣ ಬರುತ್ತದೆ. ಮೊದಲ ಸಲ ದಿನವಿಡೀ ತೆರೆದಿಟ್ಟು ಆ ನೊಣ ಹರಡುವ ಎಲೆಮುಟುರು ರೋಗಕ್ಕೆ 2 ಸಾಲು ಗಿಡಗಳನ್ನು ಬಲಿಕೊಟ್ಟೆ. ಈಗ ಗೋಡೆಯ ಕಡೆಯ ಬಲೆಯನ್ನು ಬೆಳಿಗ್ಗೆ ಕೆಲವು ಗಂಟೆ ಮಾತ್ರ ಎತ್ತುತ್ತೇವೆ. ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ತೋಟದಲ್ಲಿ ನೋಡಿಯೇ ತಿಳಿಯಬೇಕು. ಬೇವಿನೆಣ್ಣೆಯನ್ನೂ ಸೂರ್ಯ ಮುಳುಗಿದ ಮೇಲಷ್ಟೇ ಸಿಂಪಡಿಸುತ್ತೇವೆ. ಕಳೆದ ಹಂಗಾಮಿನಲ್ಲಿ ಗೊಂಚಲಿನ 10 ಹೂವಿಗೆ ಏಳೆಂಟು ಕಾಯಿ ನಿಂತವು, ಅಲುಗಾಡಿಸುವ ಕೂಲಿ ಪೂರ್ತಿ ಉಳಿಯಿತು. ಗೋಡೆಗೆ ಸೂರು ಸೇರಿ ತಗಲಿದ 9,000 ರೂಪಾಯಿ ಮೊದಲ ತಿಂಗಳಲ್ಲೇ ಹಿಂದಿರುಗಿತು. ಹಿಂದಿನ ಎರಡು ಗೋಡೆಗಳ ಖರ್ಚನ್ನು ಹೆಂಡತಿ ಈ ಲೆಕ್ಕಕ್ಕೆ ಸೇರಿಸಲು ಹೇಳುತ್ತಾಳೆ, ನಾನು ಸೇರಿಸಿಲ್ಲ.

ಸಂಜೆ ಗಂಡು ಜೇನುಗಳು ತುಳಸಿಯ ಒಣಕಡ್ಡಿಯನ್ನು ದವಡೆಯಿಂದ ಕಚ್ಚಿ ಸಾಲಾಗಿ ಜೋತು ಮಲಗುತ್ತವೆ. ಕಾಕಾ ಈಗ ಟಾರ್ಚ್ ಹಿಡಿದು ಅವನ್ನು ಎಣಿಸಿ, ಮರುದಿನ ಚಹಾದ ಹೊತ್ತಿಗೆ ನನಗೆ ಲೆಕ್ಕ ಒಪ್ಪಿಸುತ್ತಾರೆ. ಬಿದಿರು ಕೊರೆಯುವ ಕಪ್ಪು ದುಂಬಿಯೂ ಬದನೆಗೆ ಇದೇ ಬಗೆಯಲ್ಲಿ ಝೇಂಕರಿಸುವುದರಿಂದ ಅದಕ್ಕಾಗಿ ಹೊರಗೆ ನಾಲ್ಕು ಒಣಬಿದಿರು ತೂಗುಹಾಕಿದ್ದೇನೆ. ಅದು ನನ್ನ ಬಿದಿರನ್ನು ಬಿಟ್ಟು ಕಾಕಾ ಮಲಗುವ ಶೆಡ್ಡಿನ ಜಂತಿಯನ್ನು ಕೊರೆಯತೊಡಗಿದೆ, ದಿನವೂ ಅವರ ಹಾಸಿಗೆಯ ಮೇಲೆ ಮರದ ಪುಡಿ ಬೀಳುತ್ತಿದೆ.